ಶೆಡ್ಡಿನಲ್ಲಿರುವ ಯೆಜ್ಡಿ, ಮಗನ ಮೂರು ಪ್ರಶ್ನೆ: ಮೊದಲ ಮೋಟಾರ್‌ಸೈಕಲ್ ಯಾವುದು?

ಕುಕ್ಕರಹಳ್ಳಿ ಕೆರೆ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಅಪ್ಪನ 1976ರ ಯೆಜ್ಡಿ ಬೈಕ್ ಹದಿನಾಲ್ಕು ವರ್ಷದಿಂದ ನಿಂತಲ್ಲೇ ನಿಂತಿದೆ. ಅವರು ಹೋದ ಮೇಲೆ ಮಾರಲು ಮನಸ್ಸಾಗಲಿಲ್ಲ, ಓಡಿಸಲು ಪುರುಸೊತ್ತಾಗಲಿಲ್ಲ. ಕಳೆದ ಭಾನುವಾರ ಗೋಣಿತಾಟು ಎತ್ತಿ ದೂಳು ಒರೆಸುತ್ತಿದ್ದಾಗ ಏಳನೆಯ ತರಗತಿಯ ಮಗ ಬಂದು ಕುಕ್ಕರುಗಾಲಿನಲ್ಲಿ ಕುಳಿತ. ಪ್ರಶ್ನೆ ಮೂರು. ಸಿಲಿಂಡರ್ ಒಂದೇ ಇರುವಾಗ ಸೈಲೆನ್ಸರ್ ಎರಡು ಯಾಕೆ? ಕಿಕ್ಕರ್ ಎಲ್ಲಿದೆ? ಪ್ರಪಂಚದ ಮೊದಲ ಬೈಕ್ ಮಾಡಿದವರು ಯಾರು?

ಮೊದಲ ಎರಡಕ್ಕೆ ಬಾಯಿಗೆ ಬಂದದ್ದು ಹೇಳಿದೆ. ಮೂರನೆಯದಕ್ಕೆ ಮಾತ್ರ ಗತ್ತಿನಿಂದ "ಡೈಮ್ಲರ್, ಜರ್ಮನಿ, 1885" ಎಂದೆ. ಅವನು ಮೊಬೈಲಿನಲ್ಲಿ ಚಿತ್ರ ತೆಗೆದು ನೋಡಿ, "ಅಪ್ಪಾ, ಇದಕ್ಕೆ ನಾಲ್ಕು ಚಕ್ರ ಇವೆಯಲ್ಲ" ಎಂದ. ನಿಜವಾಗಿಯೂ ಇವೆ! ತಿಳಿದವರು ಮಾನ ಉಳಿಸಬೇಕು.

ನೆಕ್ಕರ್ ದಂಡೆ
ಮಗನಿಗೆ ಶಾಬಾಸ್ ಹೇಳಿ. ನಾನು ಸ್ಟುಟ್‌ಗಾರ್ಟಿನಲ್ಲಿರುವುದು. ಇಲ್ಲಿನ ಮರ್ಸಿಡಿಸ್ ಬೆಂಜ್ ವಸ್ತುಸಂಗ್ರಹಾಲಯದಲ್ಲಿ ಅದರ ಪ್ರತಿಕೃತಿ ಇದೆ, ಊರಿನಿಂದ ಯಾರಾದರೂ ಬಂದಾಗಲೆಲ್ಲ ಕರೆದುಕೊಂಡು ಹೋಗಿ ನನಗೇ ಬಾಯಿಪಾಠವಾಗಿದೆ. ಮೊದಲ ನೋಟಕ್ಕೆ ಎಂಜಿನ್ ಕಟ್ಟಿದ ಮರದ ಕುದುರೆಯಂತೆ ಕಾಣುತ್ತದೆ. ಚೌಕಟ್ಟು ಮರದ್ದು, ಚಕ್ರವೂ ಮರದ್ದೇ, ಅದಕ್ಕೆ ನಮ್ಮ ಎತ್ತಿನ ಗಾಡಿಗೆ ಹೊಡೆಯುವಂಥ ಕಬ್ಬಿಣದ ಪಟ್ಟಿ. ಎರಡು ಪಕ್ಕದಲ್ಲೂ ಮಗುವಿನ ಸೈಕಲ್ಲಿಗಿರುವಂತೆ ಚಿಕ್ಕ ಆಸರೆ ಚಕ್ರ. ಎಂಜಿನ್ 264 ಸಿಸಿ, ಶಕ್ತಿ ಅರ್ಧ ಅಶ್ವಬಲ.

1885ರ ನವೆಂಬರಿನಲ್ಲಿ ಗಾಟ್‌ಲೀಬ್ ಡೈಮ್ಲರ್ ಅವರ ಮಗ ಪಾಲ್ ಇದನ್ನು ಕಾನ್‌ಸ್ಟಾಟ್‌ನಿಂದ ಉಂಟರ್‌ಟ್ಯುರ್ಕ್‌ಹೈಮ್‌ವರೆಗೆ ಓಡಿಸಿದ. ವೇಗ ಗಂಟೆಗೆ ಹೆಚ್ಚೆಂದರೆ 12 ಕಿಲೋಮೀಟರ್, ಅಂದರೆ ಪಕ್ಕದಲ್ಲಿ ಓಡಿಕೊಂಡೇ ಹರಟೆ ಹೊಡೆಯಬಹುದು. ಆಗ ಕಿಡಿಗೆ ಪ್ಲಗ್ ಇಲ್ಲ, ಬೆಂಕಿಯಿಂದ ಕೆಂಪಗೆ ಕಾಯಿಸಿದ ಕೊಳವೆ. ಅದು ಇದ್ದದ್ದು ನೇರ ಸೀಟಿನ ಕೆಳಗೆ. ದಾರಿಯಲ್ಲಿ ಸೀಟಿಗೆ ಬೆಂಕಿ ಹತ್ತಿಕೊಂಡಿತಂತೆ. ಮೂಲ ವಾಹನವೂ 1903ರಲ್ಲಿ ಕಾರ್ಖಾನೆಗೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಯಿತು.

ಇನ್ನೊಂದು ಮಾತು. ಡೈಮ್ಲರ್ ಮತ್ತು ಅವರ ಜೊತೆಗಾರ ಮೈಬಾಖ್ ಅವರಿಗೆ ಬೈಕ್ ಮಾಡುವ ಹಂಬಲವೇನೂ ಇರಲಿಲ್ಲ. ತಮ್ಮ ಪುಟ್ಟ ಎಂಜಿನ್ ಒಂದು ಗಾಡಿಯನ್ನು ಎಳೆಯುತ್ತದೆಯೇ ಎಂದು ನೋಡುವುದಕ್ಕೆ ಇದು ಪರೀಕ್ಷೆಯ ಮಣೆ, ಅಷ್ಟೇ. ಮರುವರ್ಷವೇ ಎಂಜಿನ್ ಕುದುರೆ ಸಾರೋಟಿಗೆ ಏರಿತು, ಇದು ಮೂಲೆ ಸೇರಿತು. ಒಂದೂ ಮಾರಾಟವಾಗಲಿಲ್ಲ.

ಕಲಬುರಗಿ ಬಿಸಿಲು
ಅದಕ್ಕೂ ಮೊದಲೇ ಉಗಿಯ ಬೈಕ್ ಇತ್ತಲ್ಲ ಸರ್? ಅಮೆರಿಕದಲ್ಲಿ ಸಿಲ್ವೆಸ್ಟರ್ ರೋಪರ್, ಫ್ರಾನ್ಸಿನಲ್ಲಿ ಮಿಷೊ ಮತ್ತು ಪೆರೊ. ಎರಡೂ 1860ರ ದಶಕದ ಕೊನೆಯ ಆಸುಪಾಸಿನವು. ರೋಪರ್ ಅಜ್ಜ ಕೊನೆಯವರೆಗೂ ಬಿಡಲಿಲ್ಲ. 1896ರಲ್ಲಿ, 72ರ ವಯಸ್ಸಿನಲ್ಲಿ, ಅಮೆರಿಕದ ಕೇಂಬ್ರಿಡ್ಜಿನ ಸೈಕಲ್ ಟ್ರ್ಯಾಕಿನಲ್ಲಿ ತಮ್ಮ ಉಗಿಬಂಡಿ ಓಡಿಸುತ್ತಲೇ ಹೃದಯ ನಿಂತು ಬಿದ್ದರು. ಕಾಲುಗಳ ನಡುವೆ ಕುದಿಯುವ ಬಾಯ್ಲರ್ ಇಟ್ಟುಕೊಂಡು ಆ ವಯಸ್ಸಿನಲ್ಲಿ ಹೊರಟವರಿಗೆ ಮೊದಲ ಸ್ಥಾನ ಕೊಡದಿದ್ದರೆ ಇನ್ನಾರಿಗೆ?

ಲೀಟರಿಗೆ ಎಷ್ಟು
ಉಗಿಬಂಡಿ ಲೀಟರಿಗೆ ಎಷ್ಟು ಕೊಡುತ್ತಿತ್ತು?

ಕಲಬುರಗಿ ಬಿಸಿಲು
ಸೌದೆ ಲೆಕ್ಕದಲ್ಲಿ ಕೇಳಿ.

ಸ್ಪ್ಯಾನರ್ 14
ಮೊದಲು ಯಾರು ಎಂಬ ಹಗ್ಗಜಗ್ಗಾಟಕ್ಕೆ ನನ್ನ ಅಂಗಡಿಯ ಅಳತೆಗೋಲು ಬೇರೆ. ದುಡ್ಡು ಕೊಟ್ಟರೆ ಸಿಗುತ್ತಿತ್ತೇ? ಕೆಟ್ಟರೆ ಬಿಚ್ಚಿ ಜೋಡಿಸುವ ಹಾಗಿತ್ತೇ? ಹಾಗೆ ನೋಡಿದರೆ 1894ರಲ್ಲಿ ಮ್ಯೂನಿಕ್ಕಿನಲ್ಲಿ ಹೊರಬಂದ ಹಿಲ್ಡೆಬ್ರಾಂಡ್ ಮತ್ತು ವುಲ್ಫ್‌ಮ್ಯುಲರ್ ಗಾಡಿಯೇ ಮೊದಲನೆಯದು. ಸಾಲಾಗಿ ತಯಾರಿಸಿ ಮಾರಿದ ಮೊದಲ ಮೋಟಾರ್‌ಸೈಕಲ್ ಅದು. ಆದರೆ ಅದರ ಒಳಗನ್ನು ನೋಡಿದರೆ ನಗು ಬರುತ್ತದೆ. 1,489 ಸಿಸಿ, ಎರಡು ಸಿಲಿಂಡರ್, ಇಷ್ಟಿದ್ದೂ ಶಕ್ತಿ ಎರಡೂವರೆ ಅಶ್ವಬಲ! ಚೈನಿಲ್ಲ, ಬೆಲ್ಟಿಲ್ಲ, ಕ್ಲಚ್ಚಿಲ್ಲ. ರೈಲು ಎಂಜಿನ್ನಿನ ಹಾಗೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ನೇರ ಹಿಂದಿನ ಚಕ್ರಕ್ಕೆ. ಓಟ ಏರುಪೇರಾಗದಂತೆ ನೋಡಿಕೊಳ್ಳುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಬೇರೆ ಇಲ್ಲ, ಹಿಂದಿನ ಚಕ್ರವೇ ಫ್ಲೈವೀಲ್. ಪಿಸ್ಟನ್ ವಾಪಸ್ ಬರಲು ದಪ್ಪ ರಬ್ಬರ್ ಪಟ್ಟಿಗಳ ಸಹಾಯ. ರಿಪೇರಿಗೆ ಬಂದಿದ್ದರೆ ನಾನು ಅಂಗಡಿ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ನೆಕ್ಕರ್ ದಂಡೆ
ಮೋಟಾರ್‌ರಾಡ್ ಎಂಬ ಜರ್ಮನ್ ಪದವೂ ಆ ಗಾಡಿಯ ಜೊತೆಗೇ ಬಂದದ್ದು. ಸ್ಪ್ಯಾನರ್ ಅವರ ಅಳತೆಗೋಲನ್ನು ಒಪ್ಪುತ್ತೇನೆ, ಆದರೆ ಇನ್ನೊಂದು ಸೇರಿಸುತ್ತೇನೆ. ನಾವು ಇವತ್ತು ನೋಡುವ ಬೈಕಿನ ಮೈಕಟ್ಟು ಬಂದದ್ದು ಡೈಮ್ಲರ್ ಅವರಿಂದಲ್ಲ, ಸೈಕಲ್ಲಿನಿಂದ. ಅದೇ 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಅವರ ರೋವರ್ ಸೈಕಲ್ ಬಂತು: ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಅಳತೆ, ಪೆಡಲಿನಿಂದ ಹಿಂದಿನ ಚಕ್ರಕ್ಕೆ ಚೈನು. 1888ರಲ್ಲಿ ಡನ್‌ಲಪ್ ಅವರ ಗಾಳಿ ತುಂಬಿದ ಟಯರ್. ಆಮೇಲೆ ಶುರುವಾಯಿತು ನೋಡಿ, ಸೈಕಲ್ಲಿನಲ್ಲಿ ಎಂಜಿನ್ ಎಲ್ಲಿ ಇಡುವುದೆಂಬ ತಲೆನೋವು. ಒಬ್ಬರು ಹಿಂದಿನ ಚಕ್ರದ ಮೇಲೆ, ಇನ್ನೊಬ್ಬರು ಹ್ಯಾಂಡಲ್ ಮುಂದೆ. ಪ್ಯಾರಿಸ್ಸಿನ ವೆರ್ನರ್ ಸಹೋದರರು ಮೊದಲು ಮುಂದಿನ ಚಕ್ರದ ಮೇಲೆ ಇಟ್ಟು ನೋಡಿದರು. ಭಾರವೆಲ್ಲ ಮೇಲಾಗಿ ಒದ್ದೆ ರಸ್ತೆಯಲ್ಲಿ ಜಾರುತ್ತಿತ್ತು. 1901ರಲ್ಲಿ ಅವರೇ ಎಂಜಿನ್ನನ್ನು ಎರಡು ಚಕ್ರಗಳ ನಡುವೆ, ಕೆಳಗೆ, ಪೆಡಲ್ ಇರುವ ಜಾಗಕ್ಕೆ ತಂದರು. ಕುಕ್ಕರಹಳ್ಳಿಯವರೇ, ನಿಮ್ಮ ಶೆಡ್ಡಿನ ಗಾಡಿಯ ಎಂಜಿನ್ ಎಲ್ಲಿದೆ ನೋಡಿ. ಅಲ್ಲೇ.

ಕುಕ್ಕರಹಳ್ಳಿ ಕೆರೆ
ಅಲ್ಲೇ ಇದೆ! ಮಗನಿಗೆ ಓದಿ ಹೇಳಿದೆ. "ಹಾಗಾದರೆ ಡೈಮ್ಲರ್ ಅಲ್ಲ" ಎಂದು ತೀರ್ಪು ಕೊಟ್ಟ. ಈಗ ಮೊದಲ ಎರಡು ಪ್ರಶ್ನೆಗೆ ಬನ್ನಿ. ಹಾಗೆಯೇ ಯೆಜ್ಡಿಗೆ ಮೊದಲಿದ್ದ ಜಾವಾ ಎಂಬ ಹೆಸರು ಇಂಡೋನೇಷ್ಯದ ದ್ವೀಪದ್ದೇ ತಾನೆ? ಅಪ್ಪ ಹಾಗೇ ಹೇಳುತ್ತಿದ್ದರು.

ಸ್ಪ್ಯಾನರ್ 14
ಕಿಕ್ಕರ್ ಕಣ್ಣೆದುರಿಗೇ ಇದೆ ಸರ್. ಎಡಗಡೆಯ ಗೇರ್ ಲಿವರನ್ನು ಎಂಜಿನ್ ಕಡೆಗೆ ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ. ಅದೇ ಕಿಕ್ಕರ್. ಒದ್ದು ಸ್ಟಾರ್ಟ್ ಮಾಡಿ ಕೆಳಗಿಳಿಸಿದರೆ ಮತ್ತೆ ಗೇರ್. ಈ ಕೀಲಿ ಗೊತ್ತಿಲ್ಲದವರು ಗಾಡಿ ಕದಿಯಲು ಬಂದು ಕಿಕ್ಕರ್ ಹುಡುಕುತ್ತಲೇ ಬೆಳಗು ಮಾಡಿದರೆಂದು ನಮ್ಮ ಉಸ್ತಾದರು ಹೇಳುತ್ತಿದ್ದರು. ಎಷ್ಟು ನಿಜವೋ, ಕತೆಯಂತೂ ಚೆನ್ನಾಗಿದೆ. ಅದೇ ಲಿವರಿನಲ್ಲಿ ಇನ್ನೊಂದು ಚಮತ್ಕಾರ: ಓಡುವಾಗ ಗೇರ್ ಬದಲಿಸಲು ಕೈಯಲ್ಲಿ ಕ್ಲಚ್ ಹಿಡಿಯಲೇಬೇಕೆಂದಿಲ್ಲ. ಕಾಲಿನಿಂದ ಲಿವರ್ ಅಲುಗಿಸಿದೊಡನೆ ಒಳಗಿನ ಕ್ಯಾಮ್ ತಾನೇ ಕ್ಲಚ್ ಬಿಡಿಸುತ್ತದೆ.

ಸೈಲೆನ್ಸರ್ ವಿಷಯ. ನಿಮ್ಮದು ಟೂ ಸ್ಟ್ರೋಕ್. ಬುಲೆಟ್ಟಿನ ಹಾಗೆ ತಲೆಯ ಮೇಲೆ ವಾಲ್ವ್ ಕುಣಿಯುವುದಿಲ್ಲ, ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳಿವೆ. ಪಿಸ್ಟನ್ ಮೇಲೆ ಕೆಳಗೆ ಹೋಗುತ್ತ ಅವನ್ನು ತಾನೇ ಮುಚ್ಚಿ ತೆರೆಯುತ್ತದೆ. ಪಿಸ್ಟನ್ ಮೇಲೇರುವಾಗ ತಲೆಯ ಮೇಲಿನ ಮಿಶ್ರಣವನ್ನು ಒತ್ತುತ್ತದೆ, ಅದೇ ಹೊತ್ತಿಗೆ ಕೆಳಗೆ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತದಿಂದ ತಿರುಗುವ ದಂಡ) ಇರುವ ಕೋಣೆಗೆ ಹೊಸ ಪೆಟ್ರೋಲು ಗಾಳಿಯನ್ನು ಎಳೆದುಕೊಳ್ಳುತ್ತದೆ. ಕಿಡಿ ಬಿದ್ದು ಕೆಳಗೆ ಬಂದಾಗ ಮೊದಲು ಹೊಗೆಯ ಕಿಂಡಿ, ಅದರ ಬೆನ್ನಿಗೇ ಹೊಸ ಮಿಶ್ರಣದ ಕಿಂಡಿ ತೆರೆಯುತ್ತದೆ. ಕೆಳಗಿನಿಂದ ನುಗ್ಗಿ ಬಂದ ಹೊಸದು ಹಳೆಯ ಹೊಗೆಯನ್ನು ತಳ್ಳಿ ಆಚೆ ಹಾಕುತ್ತದೆ. ಹೊಗೆಯ ಕಿಂಡಿ ನಿಮ್ಮ ಎಂಜಿನ್ನಿನಲ್ಲಿ ಎಡಕ್ಕೊಂದು ಬಲಕ್ಕೊಂದು ಇದೆ. ಅದಕ್ಕೇ ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್.

ಬುಲೆಟ್ಟಿನ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಒಂದು ಬಾರಿ ಉರಿ, ನಿಮ್ಮದರಲ್ಲಿ ಪ್ರತಿ ಸುತ್ತಿಗೂ ಉರಿ. ಆ ಚುರುಕಿಗೆ ತೆರುವ ಬೆಲೆಯೂ ಇದೆ. ಹೊಗೆಯನ್ನು ತಳ್ಳುವ ಭರದಲ್ಲಿ ಹೊಸ ಪೆಟ್ರೋಲೂ ಒಂದಷ್ಟು ಸುಡದೆ ಹೊರಗೆ ಹೋಗುತ್ತದೆ. ಕ್ರ್ಯಾಂಕಿಗೆ ಬೇರೆ ಎಣ್ಣೆ ಇಲ್ಲದ್ದರಿಂದ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ನಾವು ಲೀಟರಿಗೆ 40 ಮಿಲಿಯಂತೆ ಹಾಕುತ್ತಿದ್ದೆವು. ಮರೆತವರ ಪಿಸ್ಟನ್ ಹಿಡಿದುಕೊಳ್ಳುತ್ತಿತ್ತು, ನಮಗೆ ಊಟ ಸಿಗುತ್ತಿತ್ತು.

ನೆಕ್ಕರ್ ದಂಡೆ
ಜಾವಾ ದ್ವೀಪಕ್ಕೂ ಈ ಜಾವಾಕ್ಕೂ ಸಂಬಂಧವಿಲ್ಲ. 1929ರಲ್ಲಿ ಪ್ರಾಗ್‌ನಲ್ಲಿ ಶಸ್ತ್ರಾಸ್ತ್ರ ತಯಾರಕ ಫ್ರಾಂಟಿಶೆಕ್ ಯಾನೆಚೆಕ್ ಅವರು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡರು. ಇಂಗ್ಲಿಷ್ ಲಿಪಿಯಲ್ಲಿ ಅವರ ಹೆಸರಿನ ಮೊದಲ ಎರಡು ಅಕ್ಷರ (Ja), ವಾಂಡರರಿನ ಮೊದಲ ಎರಡು ಅಕ್ಷರ (Wa). ಚೆಕ್ಕರ ಬಾಯಲ್ಲಿ ಅದು ಯಾವಾ.

ಎರಡನೆಯ ಮಹಾಯುದ್ಧದಲ್ಲಿ ದೇಶ ನಾಜಿಗಳ ಹಿಡಿತದಲ್ಲಿದ್ದಾಗಲೇ ಅಲ್ಲಿನ ಎಂಜಿನಿಯರುಗಳು ಗುಟ್ಟಾಗಿ ಹೊಸ 250 ಸಿಸಿ ಬೈಕ್ ರೂಪಿಸಿದ್ದರು. ಪೆರಾಕ್ ಎಂದು ಅದರ ಹೆಸರು. 1946ರ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ಪಡೆಯಿತು. ನಿಮ್ಮ ಗಾಡಿ ಅದೇ ವಂಶದ್ದು.

ಕುಕ್ಕರಹಳ್ಳಿ ಕೆರೆ
ಹಾಗಾದರೆ ನಾನು ಮೈಸೂರಿನ ಪಾಲು ಹೇಳುತ್ತೇನೆ, ಇದರಲ್ಲಿ ಮಾತ್ರ ನಾನು ಸೋಲುವುದಿಲ್ಲ. 1950ರ ದಶಕದಲ್ಲಿ ಸರ್ಕಾರ ವಿದೇಶಿ ವಾಹನಗಳ ಆಮದಿಗೆ ಬಿಗಿ ಹಾಕಿತು. ಬೇಕಿದ್ದರೆ ಇಲ್ಲೇ ಮಾಡಿ ಎಂಬ ಕಾಲ. ಮದ್ರಾಸಿನಲ್ಲಿ ಬುಲೆಟ್ ಬಂತು. ಜಾವಾ ಬೈಕುಗಳನ್ನು ತರಿಸಿ ಮಾರುತ್ತಿದ್ದ ಇರಾನಿ ಎಂಬ ಪಾರ್ಸಿ ಕುಟುಂಬ 1960ರಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಹಾಕಿತು. ಮರುವರ್ಷದಿಂದ ಗಾಡಿ ಹೊರಬಂತು. ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1973ರಿಂದ ಹೆಸರು ಯೆಜ್ಡಿ ಎಂದಾಯಿತು. ಪಾರ್ಸಿಗಳ ಮೂಲನೆಲವಾದ ಇರಾನಿನ ಯಜ್ದ್ ಪಟ್ಟಣದಿಂದ ಬಂದ ಹೆಸರೆಂದು ಹೇಳುತ್ತಾರೆ. 1978ರಲ್ಲಿ ರೋಡ್‌ಕಿಂಗ್. 1996ಕ್ಕೆ ಬೀಗ.

ನನಗೆ ನೆನಪಿರುವುದು ಸದ್ದು. ಸಂಜೆ ಅಪ್ಪನ ಗಾಡಿ ಬೀದಿಯ ತುದಿಯಲ್ಲಿ ತಿರುಗಿದೊಡನೆ ಅಮ್ಮ ಕಾಫಿಗೆ ನೀರಿಡುತ್ತಿದ್ದರು. ಅದೇ ಬೀದಿಯಲ್ಲಿ ಇನ್ನೂ ನಾಲ್ಕು ಯೆಜ್ಡಿ ಇದ್ದವು, ಆದರೂ ಒಂದು ದಿನವೂ ಅವರು ತಪ್ಪಿ ನೀರಿಟ್ಟವರಲ್ಲ.

ಕಲಬುರಗಿ ಬಿಸಿಲು
ಬುಲೆಟ್ಟಿನವನಾಗಿ ಒಂದು ಮಾತು ಸೇರಿಸಲೇಬೇಕು. ರಾಯಲ್ ಎನ್‌ಫೀಲ್ಡ್ ಮೊದಲ ಮೋಟಾರ್‌ಸೈಕಲ್ ಮಾಡಿದ್ದು 1901ರಲ್ಲಿ, ಬುಲೆಟ್ ಎಂಬ ಹೆಸರು ಬಂದದ್ದು 1932ರಲ್ಲಿ. ನಮ್ಮ ಸೇನೆಗೆ ಗಡಿ ಕಾಯಲು ಗಟ್ಟಿ ಗಾಡಿ ಬೇಕಾಗಿ 350 ಸಿಸಿ ಬುಲೆಟ್ ಆರಿಸಿಕೊಂಡಿತು. 1955ರಲ್ಲಿ ಮದ್ರಾಸ್ ಮೋಟಾರ್ಸ್ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಆಯಿತು, ಕಾರ್ಖಾನೆ ತಿರುವೊಟ್ಟಿಯೂರಿನಲ್ಲಿ. ಇಂಗ್ಲೆಂಡಿನ ತಾಯಿಮನೆ ಮುಚ್ಚಿಹೋದರೂ ಮಗಳು ಇಲ್ಲಿ ಸಂಸಾರ ನಡೆಸುತ್ತಲೇ ಇದ್ದಾಳೆ.

ಹಳೆಯ ಬುಲೆಟ್ಟಿನಲ್ಲಿ ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಬ್ರಿಟಿಷ್ ಬೈಕುಗಳ ರೂಢಿ ಅದು. 1970ರ ದಶಕದ ನಡುವಿನಲ್ಲಿ ಅಮೆರಿಕ ಎಡಗಾಲಿಗೇ ಗೇರ್ ಇರಬೇಕೆಂದು ನಿಯಮ ಮಾಡಿದ ಮೇಲೆ ಹೆಚ್ಚಿನ ಕಂಪನಿಗಳು ಬದಲಾದವು, ನಮ್ಮ ಬುಲೆಟ್ ಬಹುಕಾಲ ಬದಲಾಗಲಿಲ್ಲ. ಇದರ ಫಲ ಉಂಡವನು ನಾನು. ಸ್ನೇಹಿತನ ಯೆಜ್ಡಿ ಕೇಳಿ ಪಡೆದು ಹೊರಟೆ. ರಸ್ತೆಯ ಮೇಲೆ ಒಣಗಲು ಹರಡಿದ್ದ ತೊಗರಿ ಕಂಡು ಅಭ್ಯಾಸದಂತೆ ಎಡಗಾಲು ಒತ್ತಿದೆ. ಬ್ರೇಕ್ ಅಲ್ಲ, ಗೇರ್. ತೊಗರಿಯ ರಾಶಿಯಲ್ಲಿ ಮೆತ್ತಗೆ ಮಲಗಿದೆ. ಪೆಟ್ಟಾಗಲಿಲ್ಲ. ಹೊಲದ ಯಜಮಾನರ ಬಾಯಿಂದ ಬಿದ್ದದ್ದೇ ಪೆಟ್ಟು.

ಲೀಟರಿಗೆ ಎಷ್ಟು
ಎಲ್ಲರೂ ಸದ್ದಿನ ಬಗ್ಗೆ ಹಾಡಿ ಹೊಗಳುತ್ತಿದ್ದೀರಿ. ಯೆಜ್ಡಿ ಯಾಕೆ ಹೋಯಿತು ಎಂದು ಯಾರೂ ನೇರವಾಗಿ ಹೇಳುತ್ತಿಲ್ಲ. ನಾನು ಹೇಳುತ್ತೇನೆ, ಬೈಯುವವರು ಬೈಯಿರಿ. 1985ರಲ್ಲಿ ಹೀರೊ ಹೋಂಡಾ ಸಿಡಿ 100 ಬಂತು. 97 ಸಿಸಿ, ಫೋರ್ ಸ್ಟ್ರೋಕ್. ಲೀಟರಿಗೆ 80 ಎಂದು ಜಾಹೀರಾತು. ಅದೇ ಹೊತ್ತಿಗೆ ಹೊಸೂರಿನಿಂದ ಇಂಡ್ ಸುಜುಕಿ, ಆಮೇಲೆ ಯಮಹಾ ಆರ್‌ಎಕ್ಸ್ 100, ಕವಾಸಾಕಿ ಬಜಾಜ್. ಸಂಬಳದ ಮನುಷ್ಯ ತಿಂಗಳ ಕೊನೆಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಂತು ಎಣಿಸುವುದು ಸದ್ದನ್ನಲ್ಲ, ಚಿಲ್ಲರೆಯನ್ನು. ಯುರೋಪಿನಲ್ಲೂ ಅಮೆರಿಕದಲ್ಲೂ ಕಾರು ಅಗ್ಗವಾದ ಮೇಲೆ ಬೈಕ್ ಶೋಕಿಯಾಯಿತು. ನಮ್ಮಲ್ಲಿ ಅದು ಹಾಲಿನ ಕ್ಯಾನ್, ಹೆಂಡತಿ, ಎರಡು ಮಕ್ಕಳು, ಅಕ್ಕಿ ಮೂಟೆ ಹೊರುವ ಎತ್ತು. ಎತ್ತಿಗೆ ಮೇವು ಕಡಿಮೆ ಬೇಕು. ಹೋಂಡಾ 1958ರಲ್ಲೇ ಸೂಪರ್ ಕಬ್ ಮಾಡಿ ಈ ಗುಟ್ಟು ಹಿಡಿದಿತ್ತು. 2017ರ ಹೊತ್ತಿಗೆ ಅದು ಹತ್ತು ಕೋಟಿ ದಾಟಿತು. ಇತಿಹಾಸ ಬರೆಯುವವರು ರೇಸಿನ ಬೈಕುಗಳ ಹಿಂದೆ ಓಡುತ್ತಾರೆ, ಪ್ರಪಂಚ ಓಡಿದ್ದು ಇಂಥ ಪುಟ್ಟ ಗಾಡಿಗಳ ಮೇಲೆ.

ಸ್ಪ್ಯಾನರ್ 14
ಬೈಯುವುದಿಲ್ಲ, ಸರಿಯಾಗಿಯೇ ಹೇಳಿದಿರಿ. ಜೊತೆಗೆ ಹೊಗೆಯ ನಿಯಮಗಳು ಬಿಗಿಯಾಗುತ್ತ ಬಂದವು. ಎಣ್ಣೆ ಸುಡುವ ಎಂಜಿನ್ನಿಗೆ ಅದು ಉರುಳು. ಆದರೆ ಆರ್‌ಎಕ್ಸ್ 100 ಕೂಡ ಟೂ ಸ್ಟ್ರೋಕೇ, ಅದನ್ನು ಸಿಡಿಯ ಪಕ್ಕ ಕೂರಿಸಬೇಡಿ. ಆ ಪುಟ್ಟ ಎಂಜಿನ್ನಿಗೆ ಆ ಓಟ ಬಂದದ್ದರಲ್ಲಿ ಸೈಲೆನ್ಸರಿನ ಪಾಲು ದೊಡ್ಡದು. ಅದನ್ನು ಕೊಯ್ದು ಒಳಗಿನ ಕೊಳವೆ ಕಿತ್ತು ಸದ್ದು ಮಾಡಿಕೊಂಡು ತಿರುಗುವ ಹುಡುಗರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ನೆಕ್ಕರ್ ದಂಡೆ
ಸೈಲೆನ್ಸರ್ ಮಾತು ಬಂದದ್ದರಿಂದ ಈ ಕತೆ ಹೇಳದೆ ಇರಲಾರೆ. ಯುದ್ಧದ ನಂತರ ಪೂರ್ವ ಜರ್ಮನಿಯ ಚೋಪಾವ್ ಎಂಬ ಊರಿನಲ್ಲಿ ಎಂಜೆಡ್ ಕಂಪನಿಯ ರೇಸ್ ವಿಭಾಗದಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ ಇದ್ದರು. ದುಡ್ಡಿಲ್ಲ, ಒಳ್ಳೆಯ ಲೋಹವಿಲ್ಲ. ಅವರು ಹಿಡಿದದ್ದು ಹೊಗೆಯ ಅಲೆಯನ್ನು. ಸೈಲೆನ್ಸರನ್ನು ಮೊದಲು ಅಗಲವಾಗಿ, ಆಮೇಲೆ ಕಿರಿದಾಗಿ ಮಾಡಿದರೆ ಹೊರಟ ಒತ್ತಡದ ಅಲೆ ತುದಿಗೆ ಬಡಿದು ಹಿಂದಿರುಗುತ್ತದೆ, ಹಿಂದಿರುಗಿ ಸಿಲಿಂಡರಿನಿಂದ ತಪ್ಪಿಸಿಕೊಂಡು ಹೊರಟ ಹೊಸ ಪೆಟ್ರೋಲನ್ನು ಸರಿಯಾದ ಗಳಿಗೆಗೆ ಒಳಕ್ಕೆ ತಳ್ಳುತ್ತದೆ. ಸ್ಪ್ಯಾನರ್ ಅವರು ಹೇಳಿದ ಸೋರಿಕೆಗೆ ಬಾಗಿಲಿಲ್ಲದ ಬಾಗಿಲು!

ಅವರ ಸವಾರ ಅರ್ನ್‌ಸ್ಟ್ ಡೆಗ್ನರ್. 1961ರಲ್ಲಿ ವಿಶ್ವ ಪ್ರಶಸ್ತಿಯ ಹೊಸ್ತಿಲಲ್ಲಿದ್ದಾಗ ಸ್ವೀಡನ್ನಿನ ರೇಸಿನಿಂದ ಹಾಗೆಯೇ ಪಶ್ಚಿಮಕ್ಕೆ ಓಡಿಹೋದ. ಹೆಂಡತಿ ಮಕ್ಕಳನ್ನು ಗುಟ್ಟಾಗಿ ಗಡಿ ದಾಟಿಸಲಾಗಿತ್ತು. ಕಾಡೆನ್ ಅವರ ವಿದ್ಯೆಯೆಲ್ಲ ಸುಜುಕಿಯ ಪಾಲಾಯಿತು. ಮರುವರ್ಷ ಡೆಗ್ನರ್ ಸುಜುಕಿಯ ಮೇಲೆ 50 ಸಿಸಿ ವಿಶ್ವ ಪ್ರಶಸ್ತಿ ಗೆದ್ದ, ಟೂ ಸ್ಟ್ರೋಕಿಗೆ ಅದೇ ಮೊದಲನೆಯದು. ನಿಮ್ಮ ಹುಡುಗರು ಕೊಯ್ಯುತ್ತಿರುವುದು ಆ ವಿದ್ಯೆಯನ್ನು.

ಆಗುಂಬೆ ತಿರುವು
ಇಷ್ಟು ಹೊತ್ತು ಓದಿದೆ. ಅಪ್ಪ, ಮಗ, ಉಸ್ತಾದ್, ಸವಾರ. ಹೆಂಗಸರು ಬಂದದ್ದು ಕಾಫಿಗೆ ನೀರಿಡಲು ಮತ್ತು ಅಕ್ಕಿ ಮೂಟೆಯ ಪಕ್ಕ ಕೂರಲು ಮಾತ್ರ! ಕೋಪವಿಲ್ಲ, ಲೆಕ್ಕ ಹೇಳಿದೆ ಅಷ್ಟೇ. 1934ರ ಡಿಸೆಂಬರಿನಲ್ಲಿ ಥೆರೆಸಾ ವಾಲಾಕ್ ಮತ್ತು ಫ್ಲಾರೆನ್ಸ್ ಬ್ಲೆಂಕಿರನ್ ಎಂಬಿಬ್ಬರು ಲಂಡನ್ನಿನಿಂದ ಹೊರಟು, 600 ಸಿಸಿ ಪ್ಯಾಂಥರ್ ಬೈಕಿಗೆ ಸೈಡ್‌ಕಾರ್ ಮತ್ತು ಟ್ರೈಲರ್ ಕಟ್ಟಿಕೊಂಡು ಸಹಾರಾ ಮರುಭೂಮಿ ದಾಟಿ, ಮರುವರ್ಷ ಜುಲೈನಲ್ಲಿ ಕೇಪ್‌ಟೌನ್ ತಲುಪಿದರು. ದೂರ ಬೇಡ, ನಮ್ಮ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ರ‍್ಯಾಲಿಗಳ ಮಹಿಳೆಯರ ವಿಶ್ವಕಪ್ ಗೆದ್ದರು.

ನಾನು ಕಲಿತದ್ದು ನಮ್ಮ ಚಿಕ್ಕಮ್ಮನ ಮೊಪೆಡ್ಡಿನಲ್ಲಿ. ಅಡಿಕೆ ಮೂಟೆ ಇಟ್ಟುಕೊಂಡು ಮಳೆಗಾಲದಲ್ಲಿ ಅವರು ಘಾಟಿಯ ತಿರುವು ಇಳಿಯುತ್ತಿದ್ದುದನ್ನು ನೋಡಿದ್ದರೆ ನಿಮ್ಮ ಡೆಗ್ನರ್ ಕೈಮುಗಿಯುತ್ತಿದ್ದ.

ಕುಕ್ಕರಹಳ್ಳಿ ಕೆರೆ
ಆಗುಂಬೆ ಮೇಡಂ, ಕಪಾಳಕ್ಕೆ ಬಿದ್ದ ಹಾಗಾಯಿತು. ಒಂದು ತಿದ್ದುಪಡಿ ಕೊಡುತ್ತೇನೆ. ಅಮ್ಮನನ್ನೇ ಕೇಳಿದೆ. ಅಪ್ಪನಿಗೆ ಕಾಲು ಮುರಿದಿದ್ದಾಗ ಎರಡು ತಿಂಗಳು ಗಾಡಿ ಕೆಡಬಾರದೆಂದು ವಾರಕ್ಕೊಮ್ಮೆ ಕಿಕ್ ಹೊಡೆದು ಸ್ಟಾರ್ಟ್ ಮಾಡುತ್ತಿದ್ದುದು ಅವರಂತೆ! ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ. ನಮಗೆ ಯಾರಿಗೂ ಗೊತ್ತಿರಲಿಲ್ಲ.

ಲೀಟರಿಗೆ ಎಷ್ಟು
2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂದವಲ್ಲ. ಅವನ್ನೇ ಒಂದು ಕೊಂಡುಬಿಡಿ ಸಾರ್.

ಸ್ಪ್ಯಾನರ್ 14
ಅವು ಫೋರ್ ಸ್ಟ್ರೋಕ್, ನೀರಿನಿಂದ ತಂಪಾಗುವ ಎಂಜಿನ್, ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಕೆಟ್ಟ ಗಾಡಿ ಎನ್ನುವುದಿಲ್ಲ. ಆದರೆ ಗೇರ್ ಲಿವರ್ ಎತ್ತಿ ಒದೆಯಲು ಬರುವುದಿಲ್ಲ. ಕುಕ್ಕರಹಳ್ಳಿಯವರೇ, ನಿಮ್ಮದನ್ನು ಸುಮ್ಮನೆ ಒದ್ದುಬಿಡಬೇಡಿ. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಎರಡು ಚಮಚ ಆಯಿಲ್ ಬಿಡಿ, ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಲಿವರನ್ನು ಕೈಯಲ್ಲೇ ನಿಧಾನ ತಿರುಗಿಸಿ ನೋಡಿ.

ಕುಕ್ಕರಹಳ್ಳಿ ಕೆರೆ
ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಪಿಸ್ಟನ್ ಅಲುಗಿತು! ಪ್ಲಗ್ ಒರೆಸಿ ಮಗ ಹಾಕಿದ, ಪಾಯಿಂಟನ್ನು ಉಪ್ಪುಕಾಗದದಿಂದ ಉಜ್ಜಿದೆ, ಕಿಡಿ ಬಂತು. ಅಮ್ಮ ಕುರ್ಚಿ ಹಾಕಿಕೊಂಡು ಕುಳಿತು ನೋಡುತ್ತಿದ್ದರು. ಹದಿನೇಳನೆಯ ಒದೆತಕ್ಕೆ ನಾಲ್ಕು ಬಾರಿ ಡುಗ್ ಡುಗ್ ಎಂದು, ಶೆಡ್ಡಿನ ತುಂಬ ಬಿಳಿ ಹೊಗೆ ಬಿಟ್ಟು ನಿಂತುಹೋಯಿತು. ಆಮೇಲೆ ಎಷ್ಟು ಒದ್ದರೂ ಇಲ್ಲ. ಗೇರ್ ಬಾಕ್ಸಿನ ಆಯಿಲ್ ಕಡಿಮೆಯಾಗಿದೆ, ಕೆಳಗೆ ಒಂದು ಹನಿಯೂ ಸೋರಿಲ್ಲ. ಎಲ್ಲಿಗೆ ಹೋಯಿತು?

ಸ್ಪ್ಯಾನರ್ 14
ಎಂಜಿನ್ ಕುಡಿದಿದೆ. ಕ್ರ್ಯಾಂಕಿನ ಆಯಿಲ್ ಸೀಲ್ ಒಣಗಿ ಬಿರಿದಿರಬೇಕು, ಇಷ್ಟು ವರ್ಷ ನಿಂತರೆ ರಬ್ಬರ್ ಉಳಿಯುವುದಿಲ್ಲ. ನಾನು ಹೇಳಿದೆನಲ್ಲ, ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಕೋಣೆಯೂ ಉಸಿರೆಳೆಯುತ್ತದೆ. ಸೀಲ್ ಹೋದರೆ ಪಕ್ಕದ ಎಣ್ಣೆಯನ್ನೂ ಎಳೆದುಕೊಂಡು ಸುಡುತ್ತದೆ. ದೊಡ್ಡ ಖರ್ಚಲ್ಲ, ಬಿಚ್ಚುವ ಕೆಲಸ ಜಾಸ್ತಿ. ಭಾನುವಾರ ಆಟೊಟೆಂಪೊದಲ್ಲಿ ಹಾಕಿಕೊಂಡು ಬನ್ನಿ, ಮಗನನ್ನೂ ಕರೆತನ್ನಿ, ಒಳಗೆಲ್ಲ ತೋರಿಸುತ್ತೇನೆ. ಅಮ್ಮ ಬರುವುದಾದರೆ ಕುರ್ಚಿ ಇದೆ. ಟ್ಯಾಂಕಿನ ಹಳೆಯ ಪೆಟ್ರೋಲನ್ನು ಮಾತ್ರ ಮನೆಯಲ್ಲೇ ಕ್ಯಾನಿಗೆ ಇಳಿಸಿ ಬನ್ನಿ. ನಮ್ಮ ಅಂಗಡಿಯ ಮುಂದೆ ಬೀಡಿ ಸೇದುವವರು ಬಹಳ.